ನಾಲೆ ಬಯಲಿನವನು ಮಳೆ ಕಾಯಲು ಕಲಿತದ್ದು

ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ತೆಗೆದು ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್. ಅಣೆಕಟ್ಟಿನ, ನೀರಿನ ಮಟ್ಟ ನೋಡುವುದು ನನ್ನ ಅಭ್ಯಾಸವಾಗಿತ್ತು. ನಮ್ಮಪ್ಪ ಇದನ್ನೇ ಪೇಪರ್‌ನಲ್ಲಿ ನೋಡುತ್ತಿದ್ದರು. ಕಟ್ಟೆ ತುಂಬಿದರೆ 124.80 ಅಡಿ. ಮಂಡ್ಯದ ಕಡೆ ಶಾಲೆಗೆ ಹೋಗುವ ಮಕ್ಕಳಿಗೂ ಈ ಲೆಕ್ಕ ಬಾಯಿಪಾಠ.

ನಮಗೆ ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಒಂದೂಮುಕ್ಕಾಲು ಎಕರೆ ಗದ್ದೆ ಇದೆ. ಊರ ಮೇಲ್ಗಡೆ ಅರ್ಧ ಎಕರೆ ಬೆದ್ದಲು, ಅಂದರೆ ಮಳೆ ನಂಬಿದ ಹೊಲ, ಕೊಟ್ಟಿಗೆಯಲ್ಲಿ ಎರಡು ಹಸು. ನಾವು ಕ್ರೈಸ್ತರು, ಭಾನುವಾರ ಸಿ.ಎಸ್.ಐ. ಸಭೆಗೆ (ಚರ್ಚಿಗೆ) ಹೋಗುತ್ತೇವೆ. ನನ್ನ ಅಜ್ಜಿ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಕರ್ತನ ಪ್ರಾರ್ಥನೆ ಹೇಳದೆ ನಮಗೆ ರಾತ್ರಿ ಮುದ್ದೆ ಬಡಿಸುತ್ತಿರಲಿಲ್ಲ. ಹಾಗಾಗಿ ದೇವರನ್ನು ನಂಬುತ್ತೀಯಾ ಅಂತ ಯಾರು ಕೇಳಿದ್ದರೂ ಹೌದು ಅಂದುಬಿಡುತ್ತಿದ್ದೆ. ಅದು ಸುಳ್ಳೂ ಅಲ್ಲ. ಆದರೆ ದೇವರಿಗಿಂತ ಜಾಸ್ತಿ ಕಟ್ಟೆಯನ್ನೇ ನಂಬಿದ್ದೆ ಅಂತ ಗೊತ್ತಾದದ್ದು 2023ರಲ್ಲಿ.

ಆ ವರ್ಷ ಜೂನ್ ಮಳೆ ಕೈಕೊಟ್ಟಿತು. ಜುಲೈನಲ್ಲಿ ಒಂದಷ್ಟು ಬಂದು ಆಸೆ ಹುಟ್ಟಿಸಿತು. ಆಗಸ್ಟ್ ಪೂರ್ತಿ ಬಿಸಿಲು. 1901ರಿಂದ ಇಟ್ಟಿರುವ ಮಳೆ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ಸೆಪ್ಟೆಂಬರ್‌ನಲ್ಲಿ ಕಟ್ಟೆಯ ಮಟ್ಟ ನೂರು ಅಡಿಗಿಂತ ಕೆಳಗಿಳಿಯಿತು. ಇದ್ದ ನೀರಿನಲ್ಲೇ ತಮಿಳುನಾಡಿಗೂ ಬಿಡಬೇಕು ಅಂತ ಆದೇಶವಾಯಿತು. 23ನೇ ತಾರೀಖು ಮಂಡ್ಯ ಬಂದ್. ನಾನೂ ಹೋಗಿ ಸರ್ ಎಂ.ವಿ. ಪ್ರತಿಮೆ ಮುಂದೆ ಧರಣಿ ಕೂತೆ. ಪ್ರಾರ್ಥನೆ ಮಾಡುವವರು ಧರಣಿಗೆಲ್ಲ ಹೋಗಬಾರದು ಅಂತ ಸಭೆಯ ಹಿರಿಯರೊಬ್ಬರು ಹೇಳಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ನ್ಯಾಯಾಧಿಪತಿಯ ಬಾಗಿಲಿಗೆ ಬಿಡದೆ ಅಲೆದ ವಿಧವೆಯ ಕಥೆ ಹೇಳಿದವನು ಯೇಸುವೇ ಅಲ್ವಾ?

ಗದ್ದೆಯಲ್ಲಿ ಎಂಟು ತಿಂಗಳ ಕಬ್ಬು ನಿಂತಿತ್ತು. ಕಬ್ಬು ಒಣಗುವುದನ್ನು ನೋಡಿದವರಿಗೆ ಗೊತ್ತು, ಅದು ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ಗರಿ ಮಧ್ಯಾಹ್ನದ ಹೊತ್ತು ಸುರುಳಿ ಸುತ್ತಿಕೊಳ್ಳುತ್ತದೆ, ಸಂಜೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಸಂಜೆಯಾದರೂ ಬಿಚ್ಚುವುದಿಲ್ಲ. ಅಂಚಿನಿಂದ ಒಳಗೆ ಹಳದಿ ಹತ್ತಿಕೊಂಡು ಬರುತ್ತದೆ. ಗಾಳಿ ಬೀಸಿದರೆ ಹಸಿ ಗರಿಯ ಸದ್ದಿಲ್ಲ, ಕಾಗದ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ನಾನು ರಾತ್ರಿ ಮಲಗಿದಲ್ಲೇ ಆ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಗದ್ದೆ ಮನೆಯಿಂದ ಮುಕ್ಕಾಲು ಕಿಲೋಮೀಟರ್ ದೂರ. ಕೇಳಿಸುವುದಕ್ಕೆ ಸಾಧ್ಯವೇ ಇಲ್ಲ. ಆದರೂ ಕೇಳಿಸುತ್ತಿತ್ತು.

ಪ್ರಾರ್ಥನೆ ಮಾಡುತ್ತಿದ್ದೆ, ಇಲ್ಲ ಅಂತಲ್ಲ. ಆದರೆ ಅದು ಪ್ರಾರ್ಥನೆಯಾಗಿ ಶುರುವಾಗಿ ಲೆಕ್ಕವಾಗಿ ಮುಗಿಯುತ್ತಿತ್ತು. ಸೊಸೈಟಿ ಸಾಲ ಎಷ್ಟು, ಕೈಸಾಲ ಎಷ್ಟು, ಗೊಬ್ಬರದ ಅಂಗಡಿ ಬಾಕಿ ಎಷ್ಟು. ಕೈಸಾಲದ ವಿಷಯ ಹೆಂಡತಿಗೆ ಗೊತ್ತಿರಲಿಲ್ಲ. ಗದ್ದೆ ಪಾಲಾದಾಗ ತಮ್ಮನಿಗೆ ದುಡ್ಡು ಕೊಡಬೇಕಾಗಿ ಬಡ್ಡಿಗೆ ತಂದಿದ್ದೆ, ಹೇಳಿರಲಿಲ್ಲ.

ಒಂದು ರಾತ್ರಿ ಅವಳೇ ಎದ್ದು ಕೂತು ಕೇಳಿದಳು. ಇನ್ನು ಮುಚ್ಚಿಡುವುದಕ್ಕೆ ಆಗಲಿಲ್ಲ, ಎಲ್ಲಾ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದಳು.

"ಇದನ್ನ ದೇವರ ಹತ್ರ ಹೇಳಿದ್ರಾ?"

"ದಿನಾ ಹೇಳ್ತಾ ಇದೀನಿ."

"ದೇವರಿಗೆ ಹೇಳೋಕೆ ಭಯ ಇಲ್ಲ, ನನಗೆ ಹೇಳೋಕೆ ಭಯನಾ? ಹಂಗಾದ್ರೆ ನೀವು ಅವರಿಗೂ ಸರಿಯಾಗಿ ಹೇಳಿಲ್ಲ ಬಿಡಿ."

ಆ ಮಾತು ಸರಿಯಾಗಿ ತಾಗಿತು. ಮರುದಿನ ಇಬ್ಬರೂ ಕೂತು ಸಾಲವೆಲ್ಲ ಒಂದು ಹಾಳೆಯಲ್ಲಿ ಬರೆದೆವು. ನಂಬಿಕೆಯಲ್ಲಿ ನಾನು ಬೆಳೆದದ್ದು ಅಂತ ಏನಾದರೂ ಇದ್ದರೆ ಅದು ಶುರುವಾದದ್ದು ಆ ಹಾಳೆಯಿಂದ, ಉಪವಾಸ ಪ್ರಾರ್ಥನೆಯಿಂದ ಅಲ್ಲ.

ನನ್ನ ಹೆಂಡತಿಯ ತವರು ನಾಗಮಂಗಲದ ಕಡೆ. ಅಲ್ಲಿ ನಾಲೆ ಇಲ್ಲದ ಊರು, ರಾಗಿ ಹೊಲ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರೆಲ್ಲ ಅವಳನ್ನು 'ಬೆದ್ದಲು ಸೀಮೆಯವಳು' ಅನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ತಾತ್ಸಾರ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಆ ಬರದ ದಿನಗಳಲ್ಲಿ ನಾನು ಕುಸಿದು ಹೋಗುತ್ತಿದ್ದರೆ ಅವಳು ಮಾತ್ರ ಎಂದಿನ ಹಾಗೆ ಇದ್ದಳು. ಹೇಗೆ ಅಂತ ಕೇಳಿದೆ. "ನಮ್ಮಪ್ಪ ಮಳೆ ಬರೋಕೆ ಮುಂಚೆ ಉತ್ತು, ಗೊಬ್ಬರ ಚೆಲ್ಲಿ, ಬೀಜ ತೆಗೆದಿಟ್ಟು ಕೂತಿರೋರು. ಹದ ಬಂದ ದಿನ ಬಿತ್ತೋರು. ಹದ ಬರೋವರೆಗೆ ಬಿತ್ತೋ ಮಾತಿಲ್ಲ, ಬಂದ ಮೇಲೆ ಮಲಗೋ ಮಾತಿಲ್ಲ" ಅಂದಳು.

ಅದೇ ವಾರ ಬೈಬಲ್‌ನ ಧರ್ಮೋಪದೇಶಕಾಂಡ ಓದುತ್ತಿದ್ದೆ. 11ನೇ ಅಧ್ಯಾಯದಲ್ಲಿ ಮೋಶೆ ಜನರಿಗೆ ಎರಡು ಸೀಮೆಗಳ ವಿಷಯ ಹೇಳುತ್ತಾನೆ. ನೀವು ಬಿಟ್ಟು ಬಂದ ಐಗುಪ್ತದಲ್ಲಿ (ಈಜಿಪ್ಟ್‌ನಲ್ಲಿ) ಬೀಜ ಬಿತ್ತಿ, ಕಾಯಿಪಲ್ಯದ ತೋಟಕ್ಕೆ ಹಾಯಿಸುವ ಹಾಗೆ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ. ಈಗ ಹೋಗುವ ದೇಶ ಬೆಟ್ಟ ತಗ್ಗುಗಳ ದೇಶ, ಆಕಾಶದ ಮಳೆ ಕುಡಿಯುವ ನೆಲ, ವರ್ಷದ ಮೊದಲಿನಿಂದ ಕೊನೆಯವರೆಗೂ ದೇವರ ಕಣ್ಣು ಅದರ ಮೇಲಿರುತ್ತದೆ ಅಂತ. ಎಷ್ಟು ಸಲ ಓದಿದ್ದೆನೋ, ಕಣ್ಣಿಗೆ ಬಿದ್ದಿರಲಿಲ್ಲ. ಕಾಲಿನಿಂದ ಮಣ್ಣು ಸರಿಸಿ ಒಂದು ಪಾತಿಯಿಂದ ಇನ್ನೊಂದು ಪಾತಿಗೆ ನೀರು ತಿರುಗಿಸುವುದು ನನಗೆ ಹುಟ್ಟಿದಾಗಿನಿಂದ ಗೊತ್ತು. ದೇವರು ತನ್ನ ಜನರನ್ನು ನಾಲೆ ಬಯಲಿನಿಂದ ಎಬ್ಬಿಸಿ ಬೆದ್ದಲು ಸೀಮೆಗೆ ಕರೆದುಕೊಂಡು ಹೋದ! ನಾನು ಇಷ್ಟು ವರ್ಷ ಐಗುಪ್ತದ ರೈತನ ಹಾಗೆ ಬದುಕಿದ್ದೆ. ಕಟ್ಟೆ ಇದೆ, ನಾಲೆ ಇದೆ, ತೂಬು ಎತ್ತಿದರೆ ನೀರು. ದೇವರನ್ನು ಕೇಳುವ ಅವಸರವೇ ಬಂದಿರಲಿಲ್ಲ.

ಕಟ್ಟೆ ಕಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯೋಸೇಫನೂ ಏಳು ವರ್ಷ ಧಾನ್ಯ ಕೂಡಿಟ್ಟು ಜನರನ್ನು ಬದುಕಿಸಿದ. ಕನ್ನಂಬಾಡಿಯಿಂದಲೇ ನಮ್ಮ ಮನೆಯಲ್ಲಿ ಮೂರು ತಲೆಮಾರು ಅನ್ನ ತಿಂದಿದೆ. ನನ್ನ ಮನಸ್ಸು ಎಲ್ಲಿ ಒರಗಿಕೊಂಡಿತ್ತು ಅನ್ನುವುದಷ್ಟೇ ಪ್ರಶ್ನೆ.

ಆಮೇಲೆ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಬೆಳಿಗ್ಗೆ ಕಟ್ಟೆಯ ಮಟ್ಟ ನೋಡುವ ಮುಂಚೆ ಬೈಬಲ್‌ನ ಒಂದು ಕೀರ್ತನೆ ಓದುವುದು ಅಂತ ಇಟ್ಟುಕೊಂಡೆ. ಐದು ಗಂಟೆಗೆ ಹಾಲು ಕರೆದು, ಡೇರಿಗೆ ಹೊರಡುವ ಮುಂಚೆ ಜಗಲಿ ಮೇಲೆ ಕೂತು ಓದುವುದು. ದಿನಕ್ಕೆ ಒಂದೇ. ಒಟ್ಟು 150 ಕೀರ್ತನೆ, ಐದು ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ. ಮೊದಲ ಹತ್ತು ದಿನ ಕೈ ತಾನಾಗೇ ಮೊಬೈಲ್ ಕಡೆ ಹೋಗುತ್ತಿತ್ತು. ಅದಕ್ಕೇ ಮೊಬೈಲನ್ನು ಹಿಂಡಿ ಡಬ್ಬದ ಮೇಲೆ ಇಟ್ಟು ಬರುತ್ತಿದ್ದೆ.

ಓದುತ್ತಾ ಹೋದಂತೆ ಒಂದು ವಿಷಯ ನನ್ನನ್ನು ಬಹಳ ಬಿಡುಗಡೆ ಮಾಡಿತು. 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಅನ್ನುವಂಥವು ಮಾತ್ರ ಅಲ್ಲಿಲ್ಲ. 13ನೆಯದು 'ಎಲ್ಲಿಯ ತನಕ' ಅಂತ ಮತ್ತೆ ಮತ್ತೆ ಕೇಳುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಮಾತೂ ಕೊನೆಗೆ ಬರುವುದಿಲ್ಲ. ನಂಬಿಕೆ ಅಂದರೆ ಯಾವಾಗಲೂ ನಗುನಗುತ್ತಾ ಸ್ತೋತ್ರ ಹೇಳುವುದು ಅಂತ ತಿಳಿದಿದ್ದೆ. ದೂರು ಹೇಳುವವನೂ ದೇವರ ಕಡೆಗೇ ಮುಖ ಮಾಡಿ ಹೇಳಿದರೆ ಅದು ನಂಬಿಕೆಯೇ.

ಇನ್ನೊಂದು, ಒಂದು ನೋಟ್‌ಬುಕ್ ಇಟ್ಟೆ. ಮಗಳು ಅರ್ಧ ಬರೆದು ಬಿಟ್ಟಿದ್ದ ಇನ್ನೂರು ಪುಟದ ಪುಸ್ತಕ. ಎಡಗಡೆ ಪುಟದಲ್ಲಿ ತಾರೀಖು, ಆ ದಿನಕ್ಕೆ ಬೇಕಾದದ್ದು ಏನು ಕೇಳಿದೆ ಅಂತ. ಬಲಗಡೆ ಏನಾಯಿತು ಅಂತ. ನಿಯಮ ಒಂದೇ: ಆ ದಿನದ್ದು ಮಾತ್ರ ಬರೆಯಬೇಕು. 'ನಮ್ಮ ಅನುದಿನದ ಆಹಾರವನ್ನು ಈ ಹೊತ್ತು' ಅಂತ ತಾನೇ ನಾವು ಕೇಳುವುದು? ಮೋಶೆಯ ಜನರಿಗೆ ಅರಣ್ಯದಲ್ಲಿ ದೇವರು ಕೊಟ್ಟ ಆಹಾರ, ಮನ್ನ, ಸಿಕ್ಕಿದ್ದೂ ಹಾಗೆ, ನಾಳೆಗೆ ಅಂತ ಎತ್ತಿಟ್ಟದ್ದಕ್ಕೆ ಹುಳ ಬಿತ್ತು.

'ವರ್ಷದ ಸಾಲ ತೀರಲಿ' ಅಂತ ಬರೆಯುವ ಹಾಗಿಲ್ಲ. 'ಇವತ್ತು ಸಾಲ ಕೊಟ್ಟವರ ಮುಂದೆ ನಿಂತು ಸುಳ್ಳು ಹೇಳದ ಹಾಗೆ ಇರಲಿ' ಅಂತ ಬರೆಯಬಹುದು. ಅಕ್ಟೋಬರ್ 9ರ ಪುಟ ಈಗಲೂ ನನ್ನ ಮುಂದಿದೆ. ಎಡಗಡೆ: 'ಕೆಂದ ಹಸುಗೆ ಹಸಿ ಮೇವು ಇಲ್ಲ.' ಬಲಗಡೆ: 'ಒಣಗಿದ ಮಡಿಯ ಕಬ್ಬಿನ ಸೋಗೆ ಕೊಯ್ದು ಹಾಕಿದೆ. ತಿಂತು. ಹಾಲು ಎರಡು ಲೀಟರ್ ಕಮ್ಮಿ.' ಇಷ್ಟೇ. ಪವಾಡ ಅಂತ ಹೇಳುವುದಕ್ಕಾಗುವುದಿಲ್ಲ, ಆದರೆ ಆ ಹೊತ್ತು ದಾಟಿತು. ಬಲಗಡೆ ಖಾಲಿ ಇರುವ ಪುಟಗಳೂ ಸುಮಾರಿವೆ. ಅವನ್ನು ನಾನು ತುಂಬಿಸುವುದಕ್ಕೆ ಹೋಗಿಲ್ಲ. ಕಾಣಿಕೆ ಜಾಸ್ತಿ ಹಾಕಿ, ನಂಬಿ ಕೇಳಿ, ಮಳೆ ಬಂದೇ ಬರುತ್ತದೆ ಅಂತ ಮೊಬೈಲ್‌ನಲ್ಲಿ ಪ್ರಸಂಗ (ಉಪದೇಶ) ಮಾಡುವವರಿದ್ದಾರೆ. ಒಣಗುತ್ತಿರುವ ಗದ್ದೆಯ ರೈತನಿಗೆ ಆ ಮಾತು ಎರಡನೇ ಸಾಲದ ಹಾಗೆ. ಬೆಳೆಯೂ ಹೋಯಿತು, ನಿನ್ನ ನಂಬಿಕೆಯೂ ಸಾಲದು ಅಂದ ಹಾಗಾಯಿತು. ದಯವಿಟ್ಟು ಯಾರೂ ಹಾಗೆ ಹೇಳಬೇಡಿ.

ಕಟ್ಟು ನೀರು ಬಿಡುತ್ತಿದ್ದ ದಿನಗಳ ಒಂದು ರಾತ್ರಿಯ ವಿಷಯ ಹೇಳಬೇಕು. ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಅನ್ನುವುದೇ ಕಟ್ಟು. ಬಿಟ್ಟ ದಿನಗಳಲ್ಲೂ ಸರದಿ. ನಮ್ಮ ಸರದಿ ರಾತ್ರಿ ಒಂದು ಗಂಟೆಗೆ ಅಂತ ನಾಲೆ ನೀರು ಬಿಡುವ ಸೌಡಿ ಹೇಳಿ ಹೋಗಿದ್ದ. ಬ್ಯಾಟರಿ, ಗುದ್ದಲಿ ಹಿಡಿದು ಹೋದೆ. ಕಾಲುವೆಯಲ್ಲಿ ಕಾಲು ಮುಳುಗುವಷ್ಟೂ ನೀರಿಲ್ಲ. ಮೇಲಿನ ಗದ್ದೆಯವರು ಕಾಲುವೆಗೆ ಅಡ್ಡ ಹೆಂಟೆ, ಸೋಗೆ ಹಾಕಿ ಕಟ್ಟಿ ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಬದುವಿನ ಮೇಲೆ ಬೀಡಿ ಹಚ್ಚಿ ಕೂತಿದ್ದರು.

"ಅಣ್ಣಾ, ಈಗ ನಮ್ಮ ಸರದಿ."

"ನಂದು ಅರ್ಧನೂ ನೆಂದಿಲ್ಲ ಕಣ್ಲಾ. ಬೆಳಗಾನ ನಾನು ಬಿಡಾಕಿಲ್ಲ. ಏನ್ ಮಾಡ್ಕತೀಯೋ ಮಾಡ್ಕೊ."

ಕೈಯಲ್ಲಿ ಗುದ್ದಲಿ ಇತ್ತು. ನಮ್ಮ ಕಡೆ ನೀರಿನ ಜಗಳದಲ್ಲಿ ಗುದ್ದಲಿ ಏನೇನು ಮಾಡಿದೆ ಅಂತ ಎಲ್ಲರಿಗೂ ಗೊತ್ತು. ಮೈಯೆಲ್ಲ ಬಿಸಿಯಾಯಿತು. ಆಗ ಬೆಳಿಗ್ಗೆ ಪುಸ್ತಕದಲ್ಲಿ ಬರೆದದ್ದು ನೆನಪಾಯಿತು: 'ಇವತ್ತು ನೀರು ಸಿಗಲಿ. ಜಗಳ ಬೇಡ.' ಎರಡೂ ನಾನೇ ಕೇಳಿದ್ದೆ. ಆ ಹೊತ್ತಿಗೆ ಒಂದನ್ನು ಮಾತ್ರ ಹಿಡಿಯುವುದಕ್ಕೆ ಸಾಧ್ಯವಿತ್ತು. ಅಜ್ಜಿ ಮುದ್ದೆಗೆ ಮುಂಚೆ ಹೇಳಿಸುತ್ತಿದ್ದ ಪ್ರಾರ್ಥನೆಯಲ್ಲೂ ಆಹಾರದ ಮಾತು ಮುಗಿದ ಕೂಡಲೇ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬರುತ್ತದೆ. ನಡುವೆ ಒಂದು ಉಸಿರಿನಷ್ಟು ಜಾಗ. ನಾನು ಗುದ್ದಲಿಯನ್ನು ಬದುವಿನ ಮೇಲೆ ಊರಿ ಅವರ ಪಕ್ಕ ಕೂತೆ. ಮಾತಿಲ್ಲ. ನಾಲ್ಕೂವರೆಗೆ ಅವರೇ ಎದ್ದು ಕಟ್ಟು ಒಡೆದರು. ನನಗೆ ಸಿಕ್ಕಿದ್ದು ಒಂದು ಗಂಟೆಯ ನೀರು. ಕೆಳಗಿನ ಎರಡು ಮಡಿಗೆ ಹತ್ತಲಿಲ್ಲ, ಆ ಕಬ್ಬು ಒಣಗಿಯೇ ಹೋಯಿತು. ಎಕರೆಗೆ ನಲವತ್ತು ಟನ್ ಬರುತ್ತಿದ್ದ ಗದ್ದೆಯಲ್ಲಿ ಆ ಸಲ ಹದಿನೆಂಟು ಟನ್ ಬಂತು.

ಅವತ್ತು ಸೋತೆ ಅಂತ ಬಹಳ ದಿನ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಆದರೆ ಹಾಗನ್ನಿಸದೆ ಇರುವುದಕ್ಕೆ ಒಂದು ವರ್ಷ ಹಿಡಿಯಿತು.

ಆ ಬರಗಾಲದಲ್ಲೂ ಸಭೆಯಲ್ಲಿ ಸುಗ್ಗಿ ಹಬ್ಬ ನಡೆಯಿತು. ಯಾವಾಗಲೂ ಬಾಗಿಲಿಗೆ ಜೋಡಿ ಕಬ್ಬು ಕಟ್ಟಿ, ಕುಂಬಳಕಾಯಿ, ಬಾಳೆಗೊನೆ, ಭತ್ತದ ಮೂಟೆ ಜೋಡಿಸಿ, ಆರಾಧನೆ ಮುಗಿದ ಮೇಲೆ ಹರಾಜು ಹಾಕುತ್ತಿದ್ದೆವು. ಆ ಸಲ ಮೇಜು ಅರ್ಧ ಖಾಲಿ. ಸಭೆಯ ಪಾದ್ರಿ ಅಯ್ಯನವರು ಬೈಬಲ್‌ನ ಪ್ರವಾದಿ ಹಬಕ್ಕೂಕನ ಮೂರನೇ ಅಧ್ಯಾಯದ ಕೊನೆ ಓದಿದರು. ಅಂಜೂರ ಚಿಗುರದಿದ್ದರೂ, ಹೊಲ ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಅನ್ನುವ ಭಾಗ. ಓದಿ ಮುಗಿಸಿ, ಪ್ರಸಂಗ ಮಾಡದೆ ಕೂತುಬಿಟ್ಟರು. ಹಿಂದಿನ ಬೆಂಚಿನಲ್ಲಿ ಯಾರೋ ಅಳುವುದು ಕೇಳಿಸಿತು. ನಾನು ಕೇಳಿದ ಪ್ರಸಂಗಗಳಲ್ಲಿ ಅದೇ ದೊಡ್ಡದು.

2024ರ ಜುಲೈ ಕೊನೆಗೆ ಕಟ್ಟೆ ತುಂಬಿತು. ಊರಿಗೆ ಊರೇ ಸಂಭ್ರಮಪಟ್ಟಿತು, ನಾನೂ ಪಟ್ಟೆ. ಮುಂದಿನ ನಾಲ್ಕು ದಿನದ ಪುಟಗಳು ನನ್ನ ಪುಸ್ತಕದಲ್ಲಿ ಖಾಲಿ ಇವೆ. ಎಡಗಡೆಯೂ ಖಾಲಿ, ಬಲಗಡೆಯೂ ಖಾಲಿ. ನೀರು ಬಂತು, ಕೇಳುವುದು ನಿಂತಿತು. ಇದನ್ನು ನೋಡಿ ಬರಗಾಲಕ್ಕಿಂತ ಜಾಸ್ತಿ ಹೆದರಿದೆ. ತಿಂದು ತೃಪ್ತರಾದಾಗ ದೇವರನ್ನು ಮರೆತೀರಿ, ಎಚ್ಚರ ಅಂತ ಮೋಶೆ ಧರ್ಮೋಪದೇಶಕಾಂಡದ ಎಂಟನೇ ಅಧ್ಯಾಯದಲ್ಲಿ ಹೇಳಿದ್ದಾನೆ.

ಐದನೇ ದಿನ ಹೆಂಡತಿ ಜೊತೆ ಮೇಲಿನ ಅರ್ಧ ಎಕರೆ ಬೆದ್ದಲಿಗೆ ಹೋದೆ. ಬಹಳ ವರ್ಷದಿಂದ ಪಾಳು ಬಿಟ್ಟಿದ್ದ ನೆಲ, ಎರಡು ಸಲ ಉಳುಮೆ ಮಾಡಿಸಿದ್ದೆವು. ಅವಳು ಮಣ್ಣು ಹಿಡಿದು ಉಂಡೆ ಕಟ್ಟಿ, ಬೆರಳಿನಿಂದ ಒತ್ತಿ ನೋಡಿದಳು. ಉಂಡೆ ಪುಡಿಪುಡಿಯಾಗಿ ಬಿತ್ತು. "ಹದ ಐತೆ" ಅಂದಳು. ಅವಳ ಅಪ್ಪ ಮಾಡುತ್ತಿದ್ದ ಹಾಗೇ ರಾಗಿ ಬಿತ್ತಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕಿದೆವು. ಒಂದು ಹೋದರೆ ಇನ್ನೊಂದು ಇರಲಿ ಅಂತ. ದೇವರನ್ನು ನಂಬುವವರು ಹೀಗೆ ಮುಂದಾಲೋಚನೆ ಮಾಡಬಹುದಾ ಅಂತ ಕೇಳಿದೆ. "ಬೀಜ ಕೊಟ್ಟೋನು ಅವನೇ ಅಲ್ವಾ" ಅಂತ ಹೇಳಿ ಮುಂದಿನ ಸಾಲಿಗೆ ಹೋದಳು.

ಕೆಳಗೆ ನಾಲೆ ತುಂಬಿ ಹರಿಯುತ್ತಿದ್ದಾಗ ಮೇಲೆ ನಿಂತು ಮೋಡ ನೋಡುವ ಕೆಲಸವನ್ನು ಆ ಅರ್ಧ ಎಕರೆ ನನಗೆ ಬಿಡಿಸಲಿಲ್ಲ. ಪುಸ್ತಕದ ಪುಟಗಳು ಮತ್ತೆ ತುಂಬತೊಡಗಿದವು. ರಾಗಿ ಆರು ಮೂಟೆ ಆಯಿತು. ಅವರೆ ಸೊಗಡು ಇಡೀ ಕೇರಿಗೆ ಬರುತ್ತಿತ್ತು. ಸುಗ್ಗಿ ಹಬ್ಬಕ್ಕೆ ಕಬ್ಬಿನ ಬದಲು ಒಂದು ಕಟ್ಟು ರಾಗಿ ತೆನೆ ತೆಗೆದುಕೊಂಡು ಹೋದೆವು.

ಮುಂದಿನ ವರ್ಷ ಬಿತ್ತನೆ ಹೊತ್ತಿಗೆ ಮೇಲಿನ ಗದ್ದೆಯ ಅಣ್ಣ ಮನೆ ಬಾಗಿಲಿಗೆ ಬಂದರು. ಆ ರಾತ್ರಿಯ ಮೇಲೆ ಅವರು ನಮ್ಮ ಜಗಲಿ ಹತ್ತಿದ್ದು ಅದೇ ಮೊದಲು.

"ಒಂದು ಸೇರು ಅವರೆ ಬಿತ್ತನೆ ಇದ್ರೆ ಕೊಡ್ಲಾ ತಮ್ಮಾ. ನಿಮ್ಮ ಹೊಲದ್ದು ಚೆನ್ನಾಗಿತ್ತು."

ಹೆಂಡತಿ ಒಳಗಿನಿಂದ ಬೂದಿ ಕಲಸಿಟ್ಟಿದ್ದ ಗಡಿಗೆ ತಂದಳು. ನಾನು ಸೇರು ತುಂಬಿ, ಮೇಲೆ ಒಂದು ಹಿಡಿ ಹಾಕಿ ಅವರ ಟವೆಲ್‌ಗೆ ಸುರಿದೆ. ಕಾಫಿ ಕುಡಿದರು. ನೀರಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.