ಕಾರವಾರದ ಬಾರನ್ನೇ ವಿಆರ್‌ಗೆ ತಂದ ಮೇಲೆ ಚಿಕಿತ್ಸೆ ಹಿಡಿಯಿತು

ಕುಡಿತ ಬಿಡಿಸಲು ವಿಆರ್ (ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಜಾಗದಲ್ಲೇ ಇದ್ದಂತೆ ತೋರಿಸುವ) ಹೆಡ್‌ಸೆಟ್ ತರುತ್ತೇನೆ ಎಂದಾಗ ನಮ್ಮ ಆಪ್ತಸಲಹೆಗಾರರಲ್ಲೇ ಹೆಚ್ಚಿನವರು ನಂಬಲಿಲ್ಲ. 'ಕುಡಿಯುವವರಿಗೆ ವಿಡಿಯೋ ಗೇಮ್ ಯಾಕೆ ಮೇಡಂ, ಕೂರಿಸಿ ಮಾತಾಡಿಸಿ ಸಾಕು' ಎಂದರು. ಮಾತಾಡಿಸುವುದನ್ನು ನಾನು ಬಿಟ್ಟಿಲ್ಲ. ಆದರೆ ನನ್ನ ಕೋಣೆಯಲ್ಲಿ ಫ್ಯಾನ್ ಕೆಳಗೆ ಕೂತವರಿಗೆ ಕುಡಿಯುವ ಆಸೆಯೇ ಇರುವುದಿಲ್ಲ. ಎಲ್ಲದಕ್ಕೂ ತಲೆ ಆಡಿಸುತ್ತಾರೆ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಬೋಟು ಇಳಿದು, ಪಾಲಿನ ದುಡ್ಡು ಕೈಗೆ ಬಂದ ಗಳಿಗೆಯಲ್ಲಿ ನಾನು ಪಕ್ಕದಲ್ಲಿರುವುದಿಲ್ಲ. ಆ ಗಳಿಗೆಯನ್ನೇ ಕೋಣೆಗೆ ತರಬೇಕಿತ್ತು. ಹೇಗೋ ತಂದೆ, ಚಿಕಿತ್ಸೆ ಹಿಡಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಹೆಡ್‌ಸೆಟ್ಟನ್ನು ಭಟ್ಕಳದ ಪರಿಚಯದವರು ದುಬೈಯಿಂದ ತಂದುಕೊಟ್ಟರು, 30 ಸಾವಿರದ ಆಸುಪಾಸು. ಕೈ ಸುಟ್ಟಿದ್ದು ಸಾಫ್ಟ್‌ವೇರಿನಲ್ಲಿ. ವರ್ಷದ ಬಾಡಿಗೆ ಎಂದು ಹತ್ತಿರ ಹತ್ತಿರ 60 ಸಾವಿರ ಕಟ್ಟಿದೆ. ಒಳಗಿದ್ದದ್ದು ವಿದೇಶದ ಬಾರು. ಮರದ ಕೌಂಟರ್, ಎತ್ತರದ ಸ್ಟೂಲು, ಉದ್ದ ಕಾಲಿನ ಲೋಟದಲ್ಲಿ ವೈನು. ಸೊನ್ನೆಯಿಂದ ಹತ್ತರೊಳಗೆ ಕುಡಿಯುವ ಸೆಳೆತ ಎಷ್ಟು ಎಂದು ಕೇಳಿದರೆ ಎಲ್ಲರೂ ಒಂದು, ಎರಡು. ಬೋಟು ನಡೆಸುವ ಒಬ್ಬ ತಾಂಡೇಲರು 'ಚಂದ ಇದೆ ಮೇಡಂ, ಯಾವ ಊರಿನ ಹೋಟೆಲು?' ಎಂದು ಕೇಳಿದರು. ಆ ದುಡ್ಡೆಲ್ಲ ನೀರಲ್ಲಿ ಹೋಮವಾಯಿತು.

ಆಮೇಲೆ ಸುತ್ತಲಿನದನ್ನೆಲ್ಲ ಒಟ್ಟಿಗೆ ಸೆರೆಹಿಡಿಯುವ 360 ಡಿಗ್ರಿ ಕ್ಯಾಮೆರಾ ಕೊಂಡೆ. ಹೆಚ್ಚೂ ಕಡಿಮೆ ಹೆಡ್‌ಸೆಟ್ಟಿನಷ್ಟೇ ಬೆಲೆ. ಪರಿಚಯದ ಬಾರಿನಲ್ಲಿ ಗಿರಾಕಿಗಳು ಬರುವ ಮುಂಚೆ, ಮಾಲೀಕರ ಒಪ್ಪಿಗೆ ಪಡೆದು ಚಿತ್ರ ತೆಗೆದೆ. ಪ್ಲಾಸ್ಟಿಕ್ ಲೋಟ, ಕ್ವಾರ್ಟರ್, ಸೋಡಾ, ನೆಂಚಿಕೊಳ್ಳಲು ಹುರಿದ ಬಂಗಡೆ. ಗಡಿಯ ಮಾಜಾಳಿ ದಾಟಿ ಗೋವಾದ ಪೋಳೆಂ ಕಡೆಯದೂ ಒಂದು ಮಾಡಿದೆ. ಅಗ್ಗದ ಎಣ್ಣೆಗೆ ನಮ್ಮವರು ಹೋಗುವುದು ಅಲ್ಲಿಗೇ ಅಲ್ವಾ? ಮೊದಲ ಸಲವೇ ಸೆಳೆತ ಏಳು, ಎಂಟಕ್ಕೆ ಏರಿತು. ಅಂಗೈ ಬೆವರಿತು. ಒಬ್ಬರು ಲೋಟಕ್ಕೆ ಕೈ ಚಾಚಿಯೇ ಬಿಟ್ಟರು.

ಕೆಲಸ ಶುರುವಾಗುವುದು ಅಲ್ಲಿಂದ. ಸೆಳೆತ ಏರಿರುವಾಗಲೇ, ಹೆಡ್‌ಸೆಟ್ ತೆಗೆಸದೆ ಮಾತಾಡಿಸುತ್ತೇನೆ. ಮೈಯಲ್ಲಿ ಎಲ್ಲಿ ಏನಾಗುತ್ತಿದೆ? ಪಕ್ಕದಲ್ಲಿ ಯಾರು ಕೂತಿರುತ್ತಾರೆ? ಅವರು 'ಒಂದೇ ಒಂದು' ಎಂದರೆ ಏನು ಹೇಳುತ್ತೀರಿ? ಉತ್ತರವನ್ನು ಜೋರಾಗಿ ಹೇಳಿಸುತ್ತೇನೆ. ಕುಡಿಯದೆ ಕೂತರೆ ಸೆಳೆತ ತಾನಾಗಿ ಇಳಿಯುತ್ತದೆ, ಹೆಚ್ಚಿನವರಿಗೆ ಅರ್ಧ ಗಂಟೆಯೊಳಗೆ. ನಾನು ಹೇಳಿದಾಗ ನಂಬದವರು ತಮ್ಮ ಮೈಯಲ್ಲೇ ಕಂಡ ಮೇಲೆ ನಂಬುತ್ತಾರೆ. ಇಳಿಯುವ ಹೊತ್ತಿಗೆ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಜೊತೆಗೆ ಕೂತವರಿಗೆ ಹೇಳಿಕೊಡುತ್ತೇನೆ.

ಸೆಳೆತ ಎರಡಕ್ಕೆ ಇಳಿಯದೆ ಯಾರನ್ನೂ ಕಳಿಸುವುದಿಲ್ಲ. ಹೊರಗೆ ಮನೆಯವರು ಕಾದಿರಲೇಬೇಕು. ಕುಡಿತ ಬಿಟ್ಟಾಗ ಬರುವ ಕೈನಡುಕ ಪೂರ್ತಿ ನಿಂತು ಮನೋವೈದ್ಯರು ಹೂಂ ಅನ್ನುವವರೆಗೆ ಹೆಡ್‌ಸೆಟ್ ಮುಟ್ಟಿಸುವುದಿಲ್ಲ. ಫಿಟ್ಸ್ ಬರುವವರಿಗೆ ಬೇಡವೇ ಬೇಡ. ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್ ತಗೊಳ್ಳುವವರಿಗೆ ಮಾತ್ರೆ ಮುಂದುವರಿಯುತ್ತದೆ.

ವಾಸನೆಯನ್ನೂ ಸೇರಿಸಿ ನೋಡಿದೆ. ಹತ್ತಿಯನ್ನು ಉರಾಕಿನಲ್ಲಿ (ಗೇರುಹಣ್ಣಿನ ಸಾರಾಯಿ) ಅದ್ದಿ ಹತ್ತಿರ ಇಟ್ಟರೆ ಜಾಸ್ತಿಯಾಯಿತು, ಮಾತೇ ನಿಂತುಹೋಯಿತು. ಬಂಗಡೆ ಹುರಿದ ವಾಸನೆ ಸಾಕು. ಓಡುವ ಬೋಟಿನ ಮೇಲೂ ಒಂದು ಚಿತ್ರ ತೆಗೆದಿದ್ದೆ. ಹುಟ್ಟಿನಿಂದ ಕಡಲಲ್ಲೇ ಇದ್ದವರಿಗೂ ಹೊಟ್ಟೆ ತೊಳಸಿತು. ಕಣ್ಣಿಗೆ ಅಲುಗಾಟ, ಮೈ ಮಾತ್ರ ಕುರ್ಚಿಯಲ್ಲಿ ಗಟ್ಟಿ. ತಲೆ ಸುತ್ತದೆ ಇರುತ್ತದಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ನಮ್ಮವರು ಬಿಡುವಾಗಿ ಸಿಗುವುದು ಆಗಲೇ. ಆದರೆ ಆ ಮಳೆಯಲ್ಲಿ ಲೆನ್ಸು ಮಸುಕಾಗುತ್ತದೆ, ಮುಖಕ್ಕೆ ತಾಗುವ ಸ್ಪಂಜಿಗೆ ಬೂಸ್ಟು ಬರುತ್ತದೆ. ಈಗ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ನಿಜವಾದ ಪರೀಕ್ಷೆ. ಸುಮಾರು 25 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಹಂಗಾಮು ಪೂರ್ತಿ ಮುಟ್ಟದೆ ಕಳೆದರು. ಬರೀ ಮಾತಿನಿಂದ ನನಗೆ ಮೂರರಲ್ಲಿ ಒಬ್ಬರೂ ದಕ್ಕುತ್ತಿರಲಿಲ್ಲ.

ಈಗ ಶಿರಸಿಯಿಂದಲೂ ಕೇಳುತ್ತಿದ್ದಾರೆ. ಘಟ್ಟದ ಮೇಲಿನವರೊಬ್ಬರಿಗೆ ಬಂದರಿನ ಚಿತ್ರ ಹಾಕಿ ನೋಡಿದೆ, ಸೆಳೆತ ಏರಲೇ ಇಲ್ಲ. ಅವರಿಗೆ ಅಡಿಕೆ ಸುಲಿದ ವಾರದ ಬಟವಾಡೆ, ಅಲ್ಲಿನದೇ ವೈನ್ ಶಾಪು ಬೇಕು. ಮಾಡುವವರಿದ್ದರೆ ಕ್ಯಾಮೆರಾ ನಾನು ಕೊಡುತ್ತೇನೆ. ಕೂತವರ ಕಣ್ಣಿನ ಎತ್ತರಕ್ಕೆ, ನೆಲದಿಂದ ನಾಲ್ಕು ಅಡಿ ಅಂದಾಜಿಗೆ ಅಲುಗದಂತೆ ನಿಲ್ಲಿಸಿ. ಲೋಟ ಬಲಗೈ ಕಡೆ ಇರಲಿ.