ಪಾರ್ಕಿನ ಯೋಗ: ಎಣಿಕೆ ಯಾರ ಉಸಿರಿಗೆ?

ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಸೇರುವ ಗುಂಪಿಗೆ ಆಸನ ಹೇಳಿಕೊಡುವವಳು ನಾನು. ನಿವೃತ್ತರು, ಮಕ್ಕಳ ಡಬ್ಬಿ ಕಟ್ಟಿಟ್ಟು ಓಡಿಬರುವ ಅಮ್ಮಂದಿರು, ಪರೀಕ್ಷೆ ಹತ್ತಿರ ಬಂದರೆ ಮಾಯವಾಗುವ ಕಾಲೇಜು ಹುಡುಗರು, ಎಲ್ಲರೂ ಇದ್ದಾರೆ.

ಬಯಲಲ್ಲಿ ಮೊದಲು ನೋಡಬೇಕಾದ್ದು ನೆಲ. ನಾವು ಹೊಂಗೆ ಮರದ ಕಡೆ ಕೂರುತ್ತೇವೆ. ಮಾವಿನ ಮರದ ನೆರಳು ಇನ್ನೂ ಚೆನ್ನಾಗಿದೆ, ಆದರೆ ಅಲ್ಲಿ ಕೆಂಜಿಗದ ಕಾಟ. ಅಂಗಾತ ಮಲಗಿ ಮೈ ಸಡಿಲ ಬಿಡುವ ಶವಾಸನದಲ್ಲಿ ಕುತ್ತಿಗೆಗೆ ಒಂದು ಕಚ್ಚಿದರೆ ಸಾಕು, ಇಡೀ ಸಾಲು ಎದ್ದು ಕೂರುತ್ತದೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ತೆಳು ಮ್ಯಾಟ್ ಜಾರುತ್ತದೆ, ಹಳೇ ಜಮಖಾನ ಜಾರುವುದಿಲ್ಲ. ಇಳಿಜಾರಿದ್ದರೆ ಮಲಗುವಾಗ ತಲೆ ಎತ್ತರದ ಕಡೆಗೆ.

ಪೂರ್ವಕ್ಕೇ ಮುಖ ಮಾಡಬೇಕು ಅನ್ನುವುದು ಹಿರಿಯರ ಪಟ್ಟು. ಬಿಸಿಲು ಏರಿದ ಮೇಲೆ ಕಣ್ಣು ಕಿರಿದು ಮಾಡಿಕೊಂಡು, ಕತ್ತು ಬಿಗಿ ಹಿಡಿದು ನಿಂತರೆ ಏನು ಪ್ರಯೋಜನ? ಸೂರ್ಯ ನಮಸ್ಕಾರಕ್ಕೆ ಪೂರ್ವ, ಉಳಿದದ್ದಕ್ಕೆ ಉತ್ತರ ಎಂದು ರಾಜಿಯಾಗಿದೆ.

ನಿಜವಾದ ತಲೆನೋವು ಎಣಿಕೆ. ಗುಂಪಿನಲ್ಲಿ ಯಾರೂ ತಮ್ಮ ಉಸಿರು ಕೇಳಿಸಿಕೊಳ್ಳುವುದಿಲ್ಲ, ಪಕ್ಕದವರ ಕೈ ನೋಡುತ್ತಾರೆ. ಹುಡುಗರು ಬೇಗ ಬಗ್ಗುತ್ತಾರೆ, ಅವರ ಹಿಂದೆ ಎಪ್ಪತ್ತರ ಅಜ್ಜಂದಿರೂ ದಬಕ್ಕನೆ ಬಗ್ಗುತ್ತಾರೆ. "ನಿಧಾನಕ್ಕೆ ಎಣಿಸಮ್ಮ, ನಿನ್ನ ಮೂರಕ್ಕೆ ನಮ್ಮ ಒಂದೂ ಮುಗಿದಿರಲ್ಲ" ಎಂದು ಒಬ್ಬ ಅಜ್ಜಿ ಅಂದದ್ದು ನನಗೆ ನಾಟಿತು. ಆಮೇಲೆ ಬಗ್ಗುವ ಆಸನಗಳಲ್ಲಿ ಅಂಕಿ ಬಿಟ್ಟೆ. "ಉಸಿರು ಬಿಡ್ತಾ ಬಗ್ಗಿ, ತಗೊಳ್ತಾ ಏಳಿ" ಅಷ್ಟೇ ಹೇಳುತ್ತೇನೆ. ಜೊತೆಗೆ, ನಿಧಾನದವರನ್ನು ಮುಂದಿನ ಸಾಲಿಗೆ ಕರೆದೆ. ನೋಡಿ ಮಾಡುವವರು ಹೇಗಿದ್ದರೂ ನೋಡಿಯೇ ಮಾಡುತ್ತಾರೆ. ಕಣ್ಣೆದುರು ನಿಧಾನ ಇದ್ದರೆ ಕೈಕಾಲೂ ನಿಧಾನವಾಗುತ್ತದೆ.

ಇದೇ ಊರಿನ ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರ ಪರಂಪರೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲೇ ಮಾಡುತ್ತಾರೆ, ಗುರು ಸುತ್ತಾಡಿ ತಿದ್ದುತ್ತಾರೆ. ಕ್ರಮ ಬಾಯಿಪಾಠವಾದವರಿಗೆ ಅದು ಸರಿ. ನಮ್ಮಲ್ಲಿ ವಾಕಿಂಗ್ ಬಂದವರು ನಡುವೆ ಸೇರಿಕೊಳ್ಳುತ್ತಾರಲ್ಲ! ಹಾಗಾಗಿ ಸೂರ್ಯ ನಮಸ್ಕಾರದ ಮೊದಲ ಸುತ್ತುಗಳಿಗೆ ನನ್ನ ದನಿ, ಕೊನೆಯವು ಮೌನದಲ್ಲಿ. 2017ರ ಜೂನ್ 21ರಂದು ಇಲ್ಲಿನ ರೇಸ್‌ಕೋರ್ಸ್‌ನಲ್ಲಿ 55,506 ಜನ ಒಟ್ಟಿಗೆ ಯೋಗ ಮಾಡಿ ಗಿನ್ನೆಸ್ ದಾಖಲೆ ಆಯಿತು. ಅಂಥ ಜಾತ್ರೆಗೆ ಮೈಕಿನ ಎಣಿಕೆ ಬಿಟ್ಟರೆ ಬೇರೆ ದಾರಿಯಿಲ್ಲ. ಅದು ಹಬ್ಬ, ನಮ್ಮದು ದಿನದ ಅಡುಗೆ.

ಯೋಗ ದಿನಕ್ಕೆಂದು ಕೇಂದ್ರದ ಆಯುಷ್ ಸಚಿವಾಲಯ ರೂಪಿಸಿದ ಸಾಮಾನ್ಯ ಯೋಗ ಶಿಷ್ಟಾಚಾರದ ಕ್ರಮವನ್ನೇ ನಾನು ಹಿಡಿದಿದ್ದೇನೆ. ಮೊದಲು ನಿಂತು, ಆಮೇಲೆ ಕೂತು, ಬೋರಲು ಮಲಗಿ, ಕೊನೆಗೆ ಅಂಗಾತ. ಬಯಲಿಗೆ ಇದರಿಂದ ಇನ್ನೊಂದು ಲಾಭ, ಮಲಗುವ ಹೊತ್ತಿಗೆ ಹುಲ್ಲು ಸ್ವಲ್ಪ ಆರಿರುತ್ತದೆ. ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಹುಲ್ಲಿನ ಮೇಲೆ ಪಾದ ಅಲುಗುವುದು ಸಹಜ. ದೃಷ್ಟಿ ಎಲೆಯ ಮೇಲಿಟ್ಟರೆ ಎಲೆಯ ಜೊತೆ ನೀವೂ ಅಲ್ಲಾಡುತ್ತೀರಿ, ಪಾರ್ಕಿನ ಕಂಬಿ ನೋಡಿ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರಿಗೆ ಕಪಾಲಭಾತಿ, ಅಂದರೆ ಉಸಿರನ್ನು ರಭಸದಿಂದ ಹೊರತಳ್ಳುವ ಕ್ರಿಯೆ, ಬೇಡ ಎಂದು ದಿನವೂ ಹೇಳುತ್ತೇನೆ, ಬೇಸರವಾದರೂ ಸರಿ. ರಸ್ತೆ ಗುಡಿಸುವವರು ಬಂದು ದೂಳೆದ್ದ ದಿನ ಅದು ಯಾರಿಗೂ ಇಲ್ಲ.

ಹೊಸಬರನ್ನು ಹಿಂದೆ ನಿಲ್ಲಿಸುವುದಿಲ್ಲ, ನಡುವೆ ನಿಲ್ಲಿಸುತ್ತೇನೆ. ಯಾವ ಕಡೆ ತಿರುಗಿದರೂ ನೋಡಿಕೊಳ್ಳಲು ಒಬ್ಬರು ಸಿಗುತ್ತಾರೆ. ನಾನು ಅವರಿಗೆ ಎದುರಾಗಿ ನಿಂತಾಗ "ಬಲಗೈ" ಎನ್ನುತ್ತಾ ನನ್ನ ಎಡಗೈ ಎತ್ತುತ್ತೇನೆ. ಮಳೆ ಬಂದರೆ ಪಾರ್ಕಿನ ಮಂಟಪದೊಳಗೆ ಒತ್ತೊತ್ತಾಗಿ ಕೂತು ನಾಡಿಶೋಧನ, ಭ್ರಾಮರಿಯಂಥ ಪ್ರಾಣಾಯಾಮ. ಕೈಚಾಚಲು ಜಾಗವಿರದ ಕಾರಣ ಅವತ್ತು ಆಸನಕ್ಕೆ ರಜೆ.