ಬ್ರ್ಯಾಂಡ್ ಮೋಹ ಪಕ್ಕಕ್ಕಿಟ್ಟು ಕ್ಯಾಮೆರಾ ಆರಿಸುವುದು

ಹೊಸ ಕ್ಯಾಮೆರಾ ನೋಡುವ ಮೊದಲು ಕೈಯಲ್ಲಿರುವ ಲೆನ್ಸ್‌ಗಳನ್ನು ಲೆಕ್ಕ ಹಾಕಿ. ಬ್ರ್ಯಾಂಡ್ ನಿಷ್ಠೆ ಅನ್ನುವುದು ಎಷ್ಟೋ ಸಲ ಲೆನ್ಸ್‌ಗೆ ಸುರಿದ ಹಣದ ಮಮತೆ, ಅಷ್ಟೇ. ಕಳೆದ ವರ್ಷದ ಫೋಟೋಗಳ ಎಕ್ಸಿಫ್ ಮಾಹಿತಿ (ಫೋಟೋ ಜೊತೆಗೇ ದಾಖಲಾಗುವ ವಿವರ) ತೆರೆದು, ಯಾವ ಫೋಕಲ್ ಲೆಂತ್ (ದೃಶ್ಯ ಎಷ್ಟು ಹತ್ತಿರ ಕಾಣುತ್ತದೆ ಎಂದು ಹೇಳುವ ಮಿ.ಮೀ. ಅಂಕಿ) ಹೆಚ್ಚು ಬಳಸಿದ್ದೀರಿ ನೋಡಿ. ಒಂದೇ ಲೆನ್ಸ್‌ನಲ್ಲಿ ಕೆಲಸ ನಡೆದಿದ್ದರೆ ಕಂಪನಿ ಬದಲಿಸುವುದು ಕಷ್ಟವಲ್ಲ.

ಆಮೇಲೆ ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗ. ಕಂಪನಿ ಒಂದೇ ಆದರೂ ಇದು ಬೇರೆಯಿರಬಹುದು: ಕ್ಯಾನನ್‌ನ ಹಳೆಯ ಇಎಫ್‌ನಲ್ಲಿ ಮೌಂಟ್‌ನಿಂದ ಚಿತ್ರ ಹಿಡಿಯುವ ಸೆನ್ಸರ್‌ಗೆ ಇರುವ ದೂರ 44 ಮಿ.ಮೀ., 2018ರಲ್ಲಿ ಬಂದ ಆರ್‌ಎಫ್‌ನಲ್ಲಿ 20. ನಿಕಾನ್‌ನ ಹಳೆಯ ಎಫ್‌ನಲ್ಲಿ 46.5, ಹೊಸ ಝಡ್‌ನಲ್ಲಿ 16. ಹಾಗಾಗಿ ಉಳಿಯುವ ಅಂತರ ತುಂಬುವ ಅಡಾಪ್ಟರ್ ಹಾಕಿ ಹಳೆಯ ಲೆನ್ಸನ್ನು ಹೊಸ ಬಾಡಿಗೆ (ಲೆನ್ಸ್ ಬಿಟ್ಟ ಕ್ಯಾಮೆರಾಗೆ) ಕೂರಿಸಬಹುದು. ಹೊಸ ಲೆನ್ಸ್ ಹಳೆಯ ಬಾಡಿಗೆ ಆಗದು. ಎಡವುವುದು ಇಲ್ಲೇ: ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್‌ಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಎಫ್ ಲೆನ್ಸನ್ನು ಝಡ್ ಬಾಡಿಗೆ ಕೂರಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ. ಕೈಯಿಂದಲೇ ಫೋಕಸ್ ಮಾಡಬೇಕು.

ಕಂಪನಿಯ ಹೆಸರನ್ನೇ ನೆಚ್ಚಿ ಕೂರಬೇಡಿ. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರವನ್ನೇ ಬಿಟ್ಟಿತು. ವಿಮರ್ಶೆಯಲ್ಲಿ ಮಾದರಿ ಮತ್ತು ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ಆವೃತ್ತಿ ನೋಡಿ. ‘ಇವರ ಫೋಕಸ್ ನಿಧಾನ’ ಎಂಬ ದೂರು ಎರಡು ತಲೆಮಾರು ಹಿಂದಿನ ಬಾಡಿಯದ್ದಾಗಿರಬಹುದು.

ಕೊನೆಗೆ ಜೂಮ್ ರಿಂಗ್ ತಿರುಗಿಸಿ ನೋಡಿ. ಕ್ಯಾನನ್‌ನಲ್ಲಿ ಅದು ತಿರುಗುವ ದಿಕ್ಕಿಗೆ ನಿಕಾನ್‌ನದು ವಿರುದ್ಧ, ಕೈ ಪಳಗಲು ಸಮಯ ಬೇಕು.